ಮಗುಚಿದ ದೋಣಿ ಮತ್ತೆ ಎದ್ದೀತೆ?

ಜನವಾಡ, ಭಾಲ್ಕಿ, ಔರಾದ್ ಕಡೆಯ ವಿದ್ಯಾರ್ಥಿಗಳಿಗೆ ಸಮುದ್ರ ದೂರದ ಮಾತು. ಆದರೆ ಮಾಂಜ್ರಾ ನದಿಯಲ್ಲಿ ದೋಣಿಯನ್ನು ತೇಲಿಸುವ ನಿಯಮವೇ ಸಾಗರದಲ್ಲೂ ನಡೆಯುತ್ತದೆ. ಆ ನಿಯಮವನ್ನು ಮನುಷ್ಯ ಬಹಳ ಬೆಲೆ ತೆತ್ತು ಕಲಿತಿದ್ದಾನೆ.

1628ರ ಆಗಸ್ಟ್ 10ರಂದು ಸ್ವೀಡನ್ನಿನ ‘ವಾಸಾ’ ಯುದ್ಧನೌಕೆ ಮೊದಲ ಯಾನದಲ್ಲೇ, ಸ್ಟಾಕ್‌ಹೋಮ್ ಬಂದರಿನೊಳಗೇ ಗಾಳಿಗೆ ವಾಲಿ ಮುಳುಗಿತು. ಅದಕ್ಕೆ ಮುನ್ನ 30 ಜನರನ್ನು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದ್ದರು. ಮೂರು ಓಟಕ್ಕೇ ಹಡಗು ಅಪಾಯಕರವಾಗಿ ಹೊಯ್ದಾಡಿತು. ಪರೀಕ್ಷೆಯನ್ನು ನಿಲ್ಲಿಸಿದರು, ಯಾನವನ್ನು ನಿಲ್ಲಿಸಲಿಲ್ಲ!

ಇದರ ಗಣಿತವನ್ನು 1746ರಲ್ಲಿ ಫ್ರಾನ್ಸಿನ ಪಿಯರ್ ಬುಗೇ ವಿವರಿಸಿದ. ದೋಣಿಯ ಭಾರ ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರು ಮುಳುಗಿದ ಭಾಗದ ಕೇಂದ್ರದ ಮೂಲಕ ಮೇಲಕ್ಕೆ ನೂಕುತ್ತದೆ. ದೋಣಿ ವಾಲಿದಾಗ ಈ ಎರಡನೆಯ ಕೇಂದ್ರ ವಾಲಿದ ಬದಿಗೆ ಸರಿದು ದೋಣಿಯನ್ನು ಎತ್ತಿ ನಿಲ್ಲಿಸುತ್ತದೆ. ವಾಲುವ ಕೋನ ಮಿತಿ ಮೀರಿದರೆ ಅದೇ ಬಲಗಳು ದೋಣಿಯನ್ನು ಬೋರಲು ಹಾಕುತ್ತವೆ.

1979ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಪಂದ್ಯಕ್ಕೆ 303 ಹಾಯಿದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕು 15 ಸ್ಪರ್ಧಿಗಳು ಸತ್ತರು. 5 ದೋಣಿಗಳು ಮುಳುಗಿದವು. ಜನ ಬಿಟ್ಟುಹೋದ 24 ದೋಣಿಗಳಲ್ಲಿ 19 ಆಮೇಲೆ ತೇಲುತ್ತಲೇ ಸಿಕ್ಕಿದವು!

ಆನಂತರದ ಅಧ್ಯಯನಗಳಿಂದ ತಿಳಿದದ್ದೇನು? ಬಹಳ ಅಗಲವಾದ, ಹಗುರವಾದ ದೋಣಿ ನೇರವಾಗಿರುವಾಗ ಸ್ಥಿರ. ಆದರೆ ಮಗುಚಿದರೆ ತಲೆಕೆಳಗಾಗಿಯೂ ಸ್ಥಿರವಾಗಿ ಉಳಿದುಬಿಡಬಹುದು. ಇದನ್ನು ಅಳೆಯಲು ಸುಲಭ ಲೆಕ್ಕವೊಂದುಂಟು. ದೋಣಿ ಸರಿಸುವ ಸಮುದ್ರನೀರಿನ ಗಾತ್ರವನ್ನು ಘನ ಅಡಿಗಳಲ್ಲಿ ತೆಗೆದುಕೊಂಡು ಅದರ ಘನಮೂಲ ಕಂಡುಹಿಡಿಯಿರಿ. ದೋಣಿಯ ಅಗಲದ ಅಡಿಗಳನ್ನು ಅದರಿಂದ ಭಾಗಿಸಿ. ಉತ್ತರ 2ನ್ನು ಮೀರಿದರೆ ದೂರಸಾಗರಕ್ಕೆ ಆ ದೋಣಿ ತಕ್ಕುದಲ್ಲವೆಂದು ಎಣಿಸುತ್ತಾರೆ. ಆದರೆ ತಳಭಾರ ಎಷ್ಟು ಆಳದಲ್ಲಿದೆಯೆಂಬುದು ಈ ಲೆಕ್ಕಕ್ಕೆ ಗೊತ್ತಿಲ್ಲ. ಆದ್ದರಿಂದ ಇದನ್ನೊಂದೇ ನಂಬುವಂತಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿಯವರ ‘ತುರಿಯಾ’ ಹಿಂದೂ ಮಹಾಸಾಗರದಲ್ಲಿ ಉರುಳಿತು. ಹಾಯಿಕಂಬಗಳು ಮುರಿದವು, ಟೋಮಿಯವರ ಬೆನ್ನುಮೂಳೆಗೆ ಪೆಟ್ಟಾಯಿತು. ಆದರೂ ದೋಣಿ ಮತ್ತೆ ನೆಟ್ಟಗಾಗಿ ತೇಲಿತು. ಅವರು ಬದುಕಿ ಬಂದರು.

ನಮ್ಮ ಕಾರವಾರದ ಬಳಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ದೋಣಿಯಲ್ಲಿ ಜನ ಹೆಚ್ಚಿದರೆ ಅಂಚು ನೀರಿಗೆ ಹತ್ತಿರವಾಗುತ್ತದೆ. ಕುಳಿತವರು ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರುತ್ತದೆ. ಮಾಂಜ್ರಾದಲ್ಲಾಗಲಿ ಕಡಲಿನಲ್ಲಾಗಲಿ ದೋಣಿ ಹತ್ತುವ ಮುನ್ನ ಈ ಎರಡು ಮಾತು ನೆನಪಿರಲಿ.