ಪಣಕ್ಕಿಟ್ಟ ಹಣ ಯಾರದು?

ಸಂಭವನೀಯತೆಯ ಪಾಠ ಬಂದಾಗಲೆಲ್ಲ ನಾನು ಇಸ್ಪೀಟು ಎಲೆಗಳ ಲೆಕ್ಕ ಕೊಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. "ಮೇಷ್ಟ್ರು ಜೂಜು ಕಲಿಸ್ತಾರೆ" ಎಂದು ಹಿಂದಿನ ಬೆಂಚಿನಲ್ಲಿ ನಗುವೇಳುತ್ತಿತ್ತು. ಆ ಗಣಿತ ಬೆಳೆದದ್ದೇ ಜೂಜಿನ ಪ್ರಶ್ನೆಯಿಂದ ಎಂಬ ಇತಿಹಾಸವನ್ನು ಹೇಳಲು ಆಗ ಪಿರಿಯಡ್ಡು ಸಾಲುತ್ತಿರಲಿಲ್ಲ, ಈಗ ಹೇಳುತ್ತೇನೆ.

ಸಮಬಲದ ಇಬ್ಬರು ತಲಾ 32 ನಾಣ್ಯಗಳನ್ನು ಪಣವಿಟ್ಟು, ಮೊದಲು ಮೂರು ಆಟ ಗೆದ್ದವನಿಗೆ ಎಲ್ಲ 64 ಎಂದು ಆಡತೊಡಗುತ್ತಾರೆ. ಒಬ್ಬನು ಎರಡು, ಇನ್ನೊಬ್ಬನು ಒಂದು ಗೆದ್ದಿರುವಾಗ ಆಟ ನಿಂತುಹೋಗುತ್ತದೆ. ಹಣವನ್ನು ಹಂಚುವುದು ಹೇಗೆ? ಇಟಲಿಯ ಲೂಕಾ ಪಾಚೋಲಿ 1494ರ ತನ್ನ ಗ್ರಂಥದಲ್ಲಿ, ಇಂಥ ಸಂದರ್ಭದಲ್ಲಿ ಗೆದ್ದ ಆಟಗಳ ಪ್ರಮಾಣದಲ್ಲಿ ಹಂಚಬೇಕೆಂದನು. 1654ರಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ದ ಫರ್ಮಾ ಪತ್ರಮುಖೇನ ಚರ್ಚಿಸಿ ಬೇರೆ ದಾರಿ ಕಂಡರು. ಮುಂದಿದ್ದವನು ಇನ್ನೊಂದು ಆಟ ಗೆದ್ದರೆ 64 ಅವನದು. ಸೋತರೂ ಇಬ್ಬರೂ ಸಮನಾಗಿ 32 ಅವನಿಗೆ ಸಲ್ಲುತ್ತದೆ. ಆದುದರಿಂದ 32 ಖಚಿತ, ಉಳಿದ 32ರಲ್ಲಿ ಅರ್ಧ. ಒಟ್ಟು 48 ಎಂದನು ಪಾಸ್ಕಲ್. ಆಗಿಹೋದುದನ್ನು ಎಣಿಸಬೇಡ, ಆಗಬೇಕಾದುದನ್ನು ಎಣಿಸು ಎಂಬುದೇ ಇದರ ತಿರುಳು.

ಎರಡು ಶತಮಾನಗಳ ಬಳಿಕ ಅಮೆರಿಕದಲ್ಲಿ, ಅಂತರ್ಯುದ್ಧದ ಕಾಲದ ಆಸುಪಾಸಿನಲ್ಲಿ, ಸ್ಟಡ್ ಪೋಕರ್ ಬಳಕೆಗೆ ಬಂದಿತು. ಇದರಲ್ಲಿ ಕೆಲವು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಏಳೆಲೆಯ ಆಟವನ್ನು ಇಬ್ಬರು ಆಡುತ್ತಿರಲಿ. ಆರು ಎಲೆ ಬಂದಾಗ ನಿಮ್ಮಲ್ಲಿ ನಾಲ್ಕು ಆಟೀನು. ಇನ್ನೊಂದು ಬಂದರೆ ಗೆಲುವು ಎಂದುಕೊಳ್ಳೋಣ. ನಿಮ್ಮ ಆರು, ಎದುರಾಳಿಯ ತೆರೆದ ನಾಲ್ಕು ಬಿಟ್ಟರೆ ಕಾಣದ ಎಲೆಗಳು 42. ಎದುರಿನ ನಾಲ್ಕರಲ್ಲಿ ಆಟೀನು ಇಲ್ಲದಿದ್ದರೆ 9 ಎಲೆಗಳು ನಿಮಗೆ ಅನುಕೂಲ, 33 ಪ್ರತಿಕೂಲ. ಎದುರಿನಲ್ಲಿ ಎರಡು ಆಟೀನು ಕಂಡರೆ ಅನುಕೂಲ ಏಳಕ್ಕಿಳಿಯುತ್ತದೆ. ಕಣ್ಣಿದ್ದವನಿಗೆ ಈ ಆಟದಲ್ಲಿ ಇರುವ ಲಾಭ ಇದೇ.

ಎದುರಾಳಿಯ 20 ರೂಪಾಯಿ ಸೇರಿ ನಡುವೆ 120 ಇದೆ. ಮುಂದುವರಿಯಲು ನೀವು 20 ಕೊಡಬೇಕು. ಇಂಥ 42 ಸಂದರ್ಭಗಳಲ್ಲಿ ಸರಾಸರಿ 33 ಸಲ 20ರಂತೆ 660 ನಷ್ಟ, 9 ಸಲ 120ರಂತೆ 1080 ಲಾಭ. ಹಾಕಬಹುದು. ನಡುವೆ 60 ಮಾತ್ರ ಇದ್ದರೆ? ಲಾಭ 540, ನಷ್ಟ ಅದೇ 660. ಎಲೆ ಮಡಚಬೇಕು. ಗೆದ್ದರೆ ಸಿಗುವ ಹಣಕ್ಕೂ ಈಗ ಕೊಡಬೇಕಾದ ಹಣಕ್ಕೂ ಇರುವ ಈ ಅನುಪಾತವನ್ನೇ ಆಟಗಾರರು 'ಪಾಟ್ ಆಡ್ಸ್' ಎನ್ನುತ್ತಾರೆ. ನಡುವಿನ ಹಣದಲ್ಲಿ ನೀವು ಹಾಕಿದ್ದು ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಹಾಕಿದ ಕ್ಷಣದಿಂದ ಅದು ನಿಮ್ಮದಲ್ಲ.

ನನ್ನ ಸೋದರಮಾವನೊಬ್ಬರು ಮೂರೆಲೆ ಆಟದಲ್ಲಿ "ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ?" ಎನ್ನುತ್ತಲೇ ಅಡಿಕೆ ತೋಟವನ್ನು ಕಳೆದುಕೊಂಡರು. ಅತ್ತೆ ಆಮೇಲೆ ಅನ್ಯರ ತೋಟದಲ್ಲಿ ಅಡಿಕೆ ಸುಲಿದು ಮಕ್ಕಳನ್ನು ಓದಿಸಿದರು. ಮಾವನಿಗೆ ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಅವರು ಪಾಚೋಲಿಯಂತೆ ಹಿಂದಕ್ಕೆ ನೋಡಿ ಎಣಿಸಿದರು.

ಜೂಜಾಡಿರೆಂದು ಇದನ್ನು ಬರೆಯಲಿಲ್ಲ. ಹಿಡಿಸದ ವ್ಯಾಪಾರವನ್ನೋ ಮುಗಿಯದ ವ್ಯಾಜ್ಯವನ್ನೋ "ಇಷ್ಟು ವರ್ಷ ಹಾಕಿದೆನಲ್ಲ" ಎಂಬ ಒಂದೇ ಕಾರಣಕ್ಕೆ ಹಿಡಿದುಕೊಂಡವರು ನಿಮ್ಮಲ್ಲಿಯೂ ಇರಬಹುದು. ಅವರು ಒಮ್ಮೆ ಪಾಸ್ಕಲನ ಕಡೆಯಿಂದ ಲೆಕ್ಕ ಹಾಕಿ ನೋಡಲಿ ಎಂಬುದಷ್ಟೇ ನಿಮ್ಮ ಮೇಷ್ಟ್ರ ಆಶಯ.