ಹೊನ್ನಾವರ ಮತ್ತು ಗೇರುಸೊಪ್ಪೆ: ಶರಾವತಿಯ ಮೆಣಸಿನ ದಾರಿ

ಕನ್ನಡನಾಡಿನ ಹಳೆಯ ಬಂದರುಗಳಲ್ಲಿ ಹೊನ್ನಾವರವೊಂದು. ಇದರ ಚರಿತ್ರೆಯನ್ನು ಕೋಟೆ ಕಾಳಗಗಳ ಮಾಲೆಯಾಗಿ ಹೇಳುವುದುಂಟು. ಆದರೆ ಈ ಊರಿನ ಏಳುಬೀಳುಗಳ ಕಾರಣವನ್ನು ಕಡಲಿನಲ್ಲಿ ಮಾತ್ರವಲ್ಲದೆ ಹೊಳೆಯ ಮೇಲ್ಭಾಗದಲ್ಲಿಯೂ ಅರಸಬೇಕಾಗುತ್ತದೆ.

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಬಳಿ ಘಟ್ಟದ ಬುಡವನ್ನು ಸೇರುತ್ತದೆ. ಅಲ್ಲಿಂದ ಅಳಿವೆಯವರೆಗೆ ಸುಮಾರು 18 ಮೈಲಿಗಳ ದೂರ ಹೊಳೆಯ ಗತಿ ಮಂದವಾದುದು. ದೋಣಿಗಳು ಸುಖವಾಗಿ ಸಂಚರಿಸಬಲ್ಲವು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ದೋಣಿಯೇರಿ, ಹೊನ್ನಾವರದಲ್ಲಿ ಹಡಗನ್ನು ಸೇರುವುದಕ್ಕೆ ನೆಲವೇ ದಾರಿ ಮಾಡಿಕೊಟ್ಟಿದ್ದಿತು.

ಕ್ರಿ. ಶ. 1342ರ ಸುಮಾರಿನಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ದೊಡ್ಡ ಹಡಗುಗಳು ಒಳಗೆ ಬರುವ ಹಿನ್ನೀರನ್ನೂ, ಬಾಲಕಿಯರ 13 ಮತ್ತು ಬಾಲಕರ 23 ಪಾಠಶಾಲೆಗಳನ್ನೂ ಕುರಿತು ಬರೆದಿರುವನು. ಹದಿನಾರನೆಯ ಶತಮಾನದ ಆದಿಯಲ್ಲಿ ಬಾರ್ಬೋಸನು, ಮಲೆಯಾಳದವರು ತೆಂಗಿನಕಾಯಿ, ಎಣ್ಣೆ, ಬೆಲ್ಲಗಳನ್ನು ತಂದು ಇಲ್ಲಿಂದ ಅಗ್ಗದ ಅಕ್ಕಿಯನ್ನು ಒಯ್ಯುತ್ತಿದ್ದರೆಂದು ತಿಳಿಸುವನು. ಇದರಿಂದ ಬಂದರಿನ ಸಂಪತ್ತು ಮೆಣಸೊಂದರಿಂದಲೇ ಆದುದಲ್ಲವೆಂಬುದು ಸ್ಪಷ್ಟ.

ಪೋರ್ತುಗೀಜರ ಕಣ್ಣು ಮಾತ್ರ ಮೆಣಸಿನ ಮೇಲಿದ್ದಿತು. 1505ರಲ್ಲಿ ಅಲ್ಮೇಡನು ಈ ಬಂದರನ್ನು ಮುತ್ತಿದನು. 1569ರಲ್ಲಿ ಊರು ಅವರ ವಶವಾಗಿ ಕೋಟೆ ಎದ್ದಿತು. ಆದರೂ ಮೆಣಸು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿಯೇ ಉಳಿಯಿತು. ಆಕೆಗೆ 'ಮೆಣಸಿನ ರಾಣಿ' ಎಂದು ಹೆಸರಿಟ್ಟವರು ಆ ಪೋರ್ತುಗೀಜರೇ. ಹೊಳೆಯ ಬಾಯಿ ಒಬ್ಬರದು, ಒಡಲು ಇನ್ನೊಬ್ಬರದು; ಒಬ್ಬರನ್ನು ಬಿಟ್ಟು ಒಬ್ಬರಿಗೆ ವ್ಯಾಪಾರವಿಲ್ಲ.

1606ರ ಸುಮಾರಿನಲ್ಲಿ ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದನು. 1623ರಲ್ಲಿ ಪೋರ್ತುಗೀಜ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಹೊರಟ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಯು ಹೊಳೆಯ ಚೆಲುವನ್ನು ಮನಸಾರೆ ಹೊಗಳಿದನು. ಆದರೆ ಹಿಂದೆ ಹಿರಿದಾಗಿದ್ದ ಗೇರುಸೊಪ್ಪೆಯ ಪಟ್ಟಣವು ಹಾಳಾಗಿ ಮರಗಿಡಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ರಾಯಭಾರವು ಅಲ್ಲಿ ನಿಲ್ಲದೆ ಘಟ್ಟವನ್ನೇರಿ ಇಕ್ಕೇರಿಗೆ ಹೋಗಬೇಕಾಯಿತು. ಅಳಿವೆಯ ಕೋಟೆ ಕೈಯಲ್ಲಿದ್ದರೂ ಮೆಣಸಿನ ಮಾತಿಗೆ ಮಲೆನಾಡಿನ ಅರಸನ ಬಾಗಿಲಿಗೇ ಹೋಗಬೇಕಾದುದು ಗಮನಾರ್ಹವಾಗಿದೆ. 1654ರ ಸುಮಾರಿನಲ್ಲಿ ಶಿವಪ್ಪನಾಯಕನು ಹೊನ್ನಾವರವನ್ನು ಹಿಡಿದುದರಿಂದ ಬಾಯಿಯೂ ಒಡಲೂ ಒಂದೇ ಕೈಗೆ ಸೇರಿದುವು.

ಹೈದರಾಲಿಯ ಕಾಲದಲ್ಲಿ ಇದು ಮೈಸೂರಿಗೆ ಸೇರಿ, 1799ರಲ್ಲಿ ಕುಂಪಣಿಯ ವಶವಾಯಿತು. 1862ರಲ್ಲಿ ಉತ್ತರ ಕನ್ನಡದೊಡನೆ ಮುಂಬಯಿ ಪ್ರಾಂತಕ್ಕೆ ಸೇರಿತು. ಈಗ ಕೊಂಕಣ ರೈಲುಮಾರ್ಗದ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆಯು ಶರಾವತಿಯನ್ನು ಅಡ್ಡಹಾಯುತ್ತದೆ. ಅಂದು ಸರಕು ಹೊಳೆಯುದ್ದಕ್ಕೆ ಹರಿಯುತ್ತಿದ್ದಿತು. ಇಂದು ಹೊಳೆಯನ್ನು ದಾಟಿಹೋಗುತ್ತದೆ. ಆದರೂ ತುಮಕೂರಿನ ಕಡೆಗೆ ಹೋಗುವ ಹೆದ್ದಾರಿಯು ಇಂದಿಗೂ ಗೇರುಸೊಪ್ಪೆಯ ಮಾರ್ಗವಾಗಿಯೇ ಘಟ್ಟವನ್ನೇರುತ್ತದೆ. ಅರಸರು ಬದಲಾದರೂ ನೆಲವು ತೋರಿಸಿದ ದಾರಿ ಬದಲಾಗಲಿಲ್ಲ.