ನೌಕೆಯಿಂದ ವಿಮಾನಕ್ಕೆ: ಆರನೇ ಜಾರ್ಜ್‌ನ ಸೇನಾವೃತ್ತಿ, 1909–1919

ಭಾರತದ ಕೊನೆಯ ಬ್ರಿಟಿಷ್ ಚಕ್ರವರ್ತಿ ಆರನೇ ಜಾರ್ಜ್ ಎಂದೊಡನೆ ನೆನಪಾಗುವುದು ಅವನ ಉಗ್ಗು, 1936ರಲ್ಲಿ ಅಣ್ಣನ ಪದತ್ಯಾಗದಿಂದ ಒದಗಿದ ಸಿಂಹಾಸನ ಮತ್ತು ಎರಡನೇ ಮಹಾಯುದ್ಧ. ಅದಕ್ಕೂ ಮೊದಲು, ರಾಜಕುಮಾರ ಆಲ್ಬರ್ಟ್ ಆಗಿದ್ದಾಗ, ಅವನು ಹತ್ತು ವರ್ಷ ಸೇನೆಯ ಶಿಸ್ತಿನಲ್ಲಿ ಬೆಳೆದ. ಬ್ರಿಟಿಷ್ ರಾಜಮನೆತನದಲ್ಲಿ ಪೈಲಟ್ ಅರ್ಹತೆ ಪಡೆದವರಲ್ಲಿ ಅವನೇ ಮೊದಲಿಗ. ಈ ವೃತ್ತಿಗೆ ರೂಪ ಕೊಟ್ಟದ್ದು ರಾಜವಂಶದ ಹಿರಿಮೆಗಿಂತ ಹೆಚ್ಚಾಗಿ ಅವನ ಕಾಯಿಲೆ ಮತ್ತು ಸೇನೆಯ ಪುನರ್ರಚನೆ ಎಂಬುದು ಈ ಲೇಖನದ ಪ್ರತಿಪಾದನೆ.

ನೌಕಾಪಡೆಯ ಹಿನ್ನೆಲೆ

ಆಲ್ಬರ್ಟ್‌ನ ತಂದೆ ಐದನೇ ಜಾರ್ಜ್ ಸ್ವತಃ ನೌಕಾಪಡೆಯ ಅಧಿಕಾರಿಯಾಗಿದ್ದವನು. ಎರಡನೇ ಮಗನಾಗಿ ಹುಟ್ಟಿದ ಅವನು 1877ರಲ್ಲಿ, ಹನ್ನೆರಡನೇ ವಯಸ್ಸಿಗೇ ಪಡೆ ಸೇರಿದ್ದ. 1892ರಲ್ಲಿ ಅಣ್ಣ ತೀರಿಕೊಂಡು ಉತ್ತರಾಧಿಕಾರ ತನ್ನ ಪಾಲಿಗೆ ಬಂದಾಗ ಅವನ ನೌಕಾಜೀವನ ಮುಗಿಯಿತು. 1895ರ ಡಿಸೆಂಬರ್ 14ರಂದು ಜನಿಸಿದ ಆಲ್ಬರ್ಟ್ ಕೂಡ ಎರಡನೇ ಮಗ. ತಂದೆ ನಡೆದ ದಾರಿಯೇ ಅವನದೂ ಆಯಿತು. 1909ರಲ್ಲಿ ಆಸ್ಬೋರ್ನ್ ನೌಕಾ ಕಾಲೇಜಿಗೆ ಸೇರಿದ ಹುಡುಗ ಅಲ್ಲಿನ ಅಂತಿಮ ಪರೀಕ್ಷೆಯಲ್ಲಿ ತರಗತಿಗೇ ಕೊನೆಯವನಾದ. ಆದರೂ ಡಾರ್ಟ್‌ಮತ್ ಕಾಲೇಜಿಗೆ ಪ್ರವೇಶ ದೊರೆಯಿತು. 1913ರ ಸೆಪ್ಟೆಂಬರ್‌ನಲ್ಲಿ ‘ಕಾಲಿಂಗ್‌ವುಡ್’ ಎಂಬ ಯುದ್ಧನೌಕೆಯಲ್ಲಿ ಮಿಡ್‌ಶಿಪ್‌ಮನ್ ಆಗಿ ನೇಮಕಗೊಂಡ. ಸಹೋದ್ಯೋಗಿಗಳ ನಡುವೆ ಅವನ ಹೆಸರು ‘ಮಿಸ್ಟರ್ ಜಾನ್ಸನ್’.

ಕಾಯಿಲೆ ಮತ್ತು ಜಟ್‌ಲ್ಯಾಂಡ್

ಮಹಾಯುದ್ಧ ಆರಂಭವಾಗಿ ಕೆಲವೇ ವಾರಗಳಲ್ಲಿ ಅವನಿಗೆ ತೀವ್ರ ಹೊಟ್ಟೆನೋವು ಕಾಣಿಸಿತು. 1914ರಲ್ಲೇ ಅಪೆಂಡಿಕ್ಸ್ ತೆಗೆದರೂ ನೋವು ಬಿಡಲಿಲ್ಲ. ಹಡಗು, ಆಸ್ಪತ್ರೆ, ದಡದ ಮೇಲಿನ ಕಚೇರಿ ಕೆಲಸ, ಮತ್ತೆ ಹಡಗು: ಮುಂದಿನ ವರ್ಷಗಳು ಹೀಗೇ ಕಳೆದವು. 1916ರ ಮೇ 31ರಂದು ಡೆನ್ಮಾರ್ಕಿನ ಪಶ್ಚಿಮಕ್ಕೆ ಬ್ರಿಟಿಷ್ ಮತ್ತು ಜರ್ಮನ್ ನೌಕಾಬಲಗಳು ಎದುರಾದಾಗ ಅವನು ಹಡಗಿನ ಚಿಕಿತ್ಸಾ ಕೊಠಡಿಯಲ್ಲಿ ಮಲಗಿದ್ದ. ಯುದ್ಧದ ಕರೆ ಕೇಳಿದೊಡನೆ ಎದ್ದು ಮುಂಭಾಗದ ಫಿರಂಗಿ ಗೋಪುರದಲ್ಲಿ ತನ್ನ ಜಾಗ ಹಿಡಿದ. ಎರಡೂ ಕಡೆ ಸೇರಿ ಎಂಟು ಸಾವಿರಕ್ಕೂ ಹೆಚ್ಚು ನಾವಿಕರು ಮಡಿದ ಆ ಜಟ್‌ಲ್ಯಾಂಡ್ ಕದನದಲ್ಲಿ ಅವನ ಸೇವೆ ಅಧಿಕೃತ ಯುದ್ಧವರದಿಯಲ್ಲಿ ಉಲ್ಲೇಖಗೊಂಡಿತು. ಆಗ ಅವನಿಗೆ ಇಪ್ಪತ್ತು ವರ್ಷ.

1917ರಲ್ಲಿ ‘ಮಲಯ’ ಯುದ್ಧನೌಕೆಗೆ ಹೋದವನು ಮತ್ತೆ ಹಾಸಿಗೆ ಹಿಡಿದ. ಆ ವರ್ಷದ ನವೆಂಬರ್‌ನಲ್ಲಿ ಡ್ಯುಯೊಡಿನಲ್ ಹುಣ್ಣಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಸಮುದ್ರದ ಮೇಲಿನ ಬದುಕು ಅಲ್ಲಿಗೆ ಮುಗಿಯಿತು.

ವಾಯುಪಡೆಯ ಹೊಣೆ

1918ರ ಫೆಬ್ರವರಿಯಲ್ಲಿ ಆಲ್ಬರ್ಟ್ ಲಿಂಕನ್‌ಶೈರ್‌ನ ಕ್ರಾನ್‌ವೆಲ್‌ಗೆ ಬಂದ. ಅದು ನೌಕಾಪಡೆಯದೇ ವೈಮಾನಿಕ ವಿಭಾಗದ ಶಿಬಿರ. ಅಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗರ ಮೇಲ್ವಿಚಾರಣೆ ಅವನ ಪಾಲಿಗೆ ಬಂತು. ಏಪ್ರಿಲ್ 1ರಂದು ಆ ವಿಭಾಗವೂ ಭೂಸೇನೆಯ ವೈಮಾನಿಕ ದಳವೂ ಒಂದಾಗಿ ರಾಯಲ್ ಏರ್‌ಫೋರ್ಸ್ ಸ್ಥಾಪನೆಯಾಯಿತು. ಎರಡೇ ತಿಂಗಳ ಹಿಂದೆ ನೌಕಾಪಡೆಯ ಹುದ್ದೆಗೆಂದು ಕ್ರಾನ್‌ವೆಲ್‌ಗೆ ಬಂದವನು ಈ ವಿಲೀನದಿಂದ ವಾಯುಪಡೆಯ ಅಧಿಕಾರಿಯಾದ. ಯುದ್ಧದ ಕೊನೆಯ ವಾರಗಳಲ್ಲಿ ಫ್ರಾನ್ಸಿಗೆ ತೆರಳಿ, ನಾನ್ಸಿ ವಲಯದಲ್ಲಿದ್ದ ಸ್ವತಂತ್ರ ವಾಯುದಳದ ಪ್ರಧಾನ ಕಚೇರಿಯಲ್ಲಿ ಕೆಲಸ ಮಾಡಿದ.

ಅವನು ಹಾರಾಟ ಕಲಿತದ್ದು ಯುದ್ಧ ಮುಗಿದ ಮೇಲೆ, 1919ರಲ್ಲಿ, ಕ್ರಾಯ್ಡನ್‌ನಲ್ಲಿ; ಆವ್ರೊ ವಿಮಾನದಲ್ಲಿ. ಜುಲೈ 31ರಂದು ಪೈಲಟ್ ಅರ್ಹತೆ, ಮರುದಿನವೇ ಸ್ಕ್ವಾಡ್ರನ್ ಲೀಡರ್ ಹುದ್ದೆ ಲಭಿಸಿದವು. ಆದರೆ ಆರೋಗ್ಯದ ಕಾರಣಕ್ಕೆ ಒಬ್ಬನೇ ಹಾರಲು ಅವನಿಗೆ ಅನುಮತಿ ಇರಲಿಲ್ಲ. ಅದೇ ಶರತ್ಕಾಲದಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ. ಸೇನೆಯ ಸಕ್ರಿಯ ಸೇವೆ ಕೊನೆಗೊಂಡಿತು.

ಮೌಲ್ಯಮಾಪನ

ಆಲ್ಬರ್ಟ್‌ನ ಪಾಲಿಗೆ ನಾವಿಕ ವೃತ್ತಿ ಮುಗಿದ ಮೇಲೆ ವೈಮಾನಿಕ ವೃತ್ತಿ ಬಂತು. ಅವನ ಮೊಮ್ಮಗ ಆಂಡ್ರ್ಯೂ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ‘ಇನ್ವಿನ್ಸಿಬಲ್’ ನೌಕೆಯಿಂದ ಸೀ ಕಿಂಗ್ ಹೆಲಿಕಾಪ್ಟರ್ ಹಾರಿಸುವ ಹೊತ್ತಿಗೆ ಈ ಎರಡೂ ಒಂದೇ ಹುದ್ದೆಯಲ್ಲಿ ಕೂಡಿದ್ದವು. ಆದರೆ ತಾತ ಹಾರಾಟ ಕಲಿತದ್ದೇ ಯುದ್ಧ ಮುಗಿದ ಮೇಲೆ. ಹಾಗಾಗಿ ಅವನನ್ನು ಯುದ್ಧ ಪೈಲಟ್ ಎಂದು ಬಣ್ಣಿಸುವುದು ಇತಿಹಾಸಕ್ಕೆ ಸಲ್ಲದು. ಜಟ್‌ಲ್ಯಾಂಡ್‌ನಲ್ಲಿ ಅವನು ಕಂಡದ್ದು ನಿಜವಾದ ಕದನ. 1919ರ ಪೈಲಟ್ ಅರ್ಹತೆಗೆ ಇದ್ದದ್ದು, ಆಗಷ್ಟೇ ಹುಟ್ಟಿದ ಪಡೆಯೊಂದಿಗೆ ರಾಜಮನೆತನ ನಿಂತಿದೆ ಎಂದು ಸಾರುವ ಸಾಂಕೇತಿಕ ಮೌಲ್ಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ದೇಹ ಮತ್ತೆ ಮತ್ತೆ ಕೈಕೊಟ್ಟರೂ ಕೊಟ್ಟ ಕೆಲಸಕ್ಕೆ ಮರಳಿ ಬಂದ ಯುವಕನ ಹಟ ಈ ಹತ್ತು ವರ್ಷಗಳ ದಾಖಲೆಯಲ್ಲಿದೆ. ಅವನನ್ನು ಗೌರವಿಸಲು ಅಷ್ಟೇ ಸಾಕು.